ಓದಿ ಒಪ್ಪಿದ್ದೇನೆ

ಆ ಮನೆಯ ಇಬ್ಬರು ಸೊಸೆಯಂದಿರು ಮಾತು ಬಿಟ್ಟು ವರ್ಷ ದಾಟಿತ್ತು. ಮಾತು ಬಿಟ್ಟ ಓರಗಿತ್ತಿಯರು ಎಲ್ಲಿಲ್ಲ ಹೇಳಿ, ಅದೇನು ಸುದ್ದಿಯಲ್ಲ. ಆದರೆ ಇವರಿಬ್ಬರೂ ಬೆಳಗಿನಿಂದ ಸಂಜೆಯವರೆಗೆ ಒಂದೇ ಕೋಣೆಯಲ್ಲಿ ಬೆನ್ನಿಗೆ ಬೆನ್ನು ಮಾಡಿಕೊಂಡು ಕೂತು ಒಂದೇ ಆ್ಯಪ್‌ಗೆ ಕೋಡ್ ಬರೆಯಬೇಕಿತ್ತು. ಬಾಯಿಗೆ ಬೀಗ ಹಾಕಿಕೊಂಡಿದ್ದರಿಂದ ಜಗಳವೆಲ್ಲ ಬೆರಳಿಗೆ ಇಳಿದಿತ್ತು. ಕೀಬೋರ್ಡಿನ ಸದ್ದು ಕೇಳಿಯೇ ಯಾರಿಗೆ ಎಷ್ಟು ಸಿಟ್ಟು ಬಂದಿದೆ ಎಂದು ಕೆಳಗಿನ ಮನೆಯವರು ಹೇಳಿಬಿಡುತ್ತಿದ್ದರು.

ಕೋಣೆ ಮಹಡಿಯ ಮೇಲಿತ್ತು. ಹಿಂದೆ ಅಲ್ಲಿ ಟೈರು ಪೇರಿಸಿಡುತ್ತಿದ್ದರು, ಎಷ್ಟು ಸಲ ಬಣ್ಣ ಹೊಡೆದರೂ ರಬ್ಬರ್ ವಾಸನೆ ಹೋಗಿರಲಿಲ್ಲ. ಕಿಟಕಿ ತೆಗೆದರೆ ಕೆಳಗೆ ಬಸ್ಸು ನಿಲ್ಲಿಸುವ ಅಂಗಳ. ಅತ್ತೆ ಒಂದು ಹಳೆಯ ವ್ಯಾನಿನಿಂದ ಶುರುಮಾಡಿ, ಶಾಲೆಯ ಮಕ್ಕಳನ್ನು ಕರೆದೊಯ್ದು ಬಿಡುವ ಬಸ್ಸುಗಳ ಒಂದು ಸಾಲನ್ನೇ ಕಟ್ಟಿ ನಿಲ್ಲಿಸಿದ ಹೆಂಗಸು. ಅವರ ಗಂಡುಮಕ್ಕಳಿಬ್ಬರಲ್ಲಿ ದೊಡ್ಡವನು ಶಾಲೆಗಳ ಜೊತೆ ವ್ಯವಹಾರ ಮಾತಾಡುತ್ತಿದ್ದ, ಚಿಕ್ಕವನು ಡ್ರೈವರುಗಳನ್ನು ನೋಡಿಕೊಳ್ಳುತ್ತಿದ್ದ. ಆ್ಯಪ್ ಮಾತ್ರ ಸೊಸೆಯಂದಿರ ಪಾಲಿಗೆ ಬಂದಿತ್ತು.

ಆ್ಯಪ್ ಮಾಡುವ ಕೆಲಸ ಹೇಳುವುದಕ್ಕೆ ಸುಲಭ. ಮಗು ಬಸ್ಸು ಹತ್ತುವಾಗ ಬಾಗಿಲಲ್ಲಿ ಕಾರ್ಡ್ ತಾಗಿಸುತ್ತದೆ, ಇಳಿಯುವಾಗ ಮತ್ತೆ ತಾಗಿಸುತ್ತದೆ. ಮಗು ಬಸ್ಸಿನಲ್ಲಿದೆಯೋ ಇಳಿಯಿತೋ ಎಂದು ತಾಯಿಯ ಮೊಬೈಲಿನಲ್ಲಿ ಕಾಣುತ್ತದೆ. ಡ್ರೈವರಿನ ಎದುರಿಗೂ ಒಂದು ಪರದೆ ಇರುತ್ತದೆ. ಒಳಗೆ ಒಂದೇ ಒಂದು ಮಗು ಉಳಿದಿದ್ದರೂ ಅದು ಕೆಂಪಾಗಿ ಕಿರುಚಿಕೊಳ್ಳುತ್ತದೆ, ಟ್ರಿಪ್ ಮುಗಿಸಲು ಬಿಡುವುದಿಲ್ಲ. ಎಲ್ಲರೂ ಇಳಿದಮೇಲೆ ಹಸಿರಾಗುತ್ತದೆ, ಡ್ರೈವರು ಬೀಗ ಹಾಕಿಕೊಂಡು ಹೋಗಬಹುದು.

ಇದನ್ನು ಮೊದಲು ಬರೆದವಳು ಹಿರಿಸೊಸೆ. ಆಗ ಕೋಣೆಯಲ್ಲಿ ಟೈರೂ ಇದ್ದವು, ಅವಳೂ ಇದ್ದಳು. ಗೋಡೆಗೆ ಅವಳೇ ಬರೆದ ಒಂದು ಹಾಳೆ ಅಂಟಿಸಿತ್ತು. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡು. ಹಿಂದಕ್ಕೆ ಬರುವ ದಾರಿ ಇಟ್ಟುಕೊಂಡೇ ಮುಂದಕ್ಕೆ ಹೋಗು. ಪರೀಕ್ಷೆ ಮಾಡುವಾಗ ನಡುವಿನ ಲೆಕ್ಕಕ್ಕಿಂತ ಅಂಚಿನ ಲೆಕ್ಕ ನೋಡು. ಇನ್ನೊಬ್ಬರು ಓದದ ಸಾಲು ಬಸ್ಸಿಗೆ ಹೋಗಕೂಡದು. ಒಳ್ಳೆಯ ಮಾತುಗಳೇ, ಈ ಕಸುಬಿನವರು ಯಾರು ಬೇಕಾದರೂ ಬರೆದಿಟ್ಟುಕೊಳ್ಳಬಹುದು. ಕೊನೆಯ ನಿಯಮದಂತೆ, ಕಿರಿಯವಳು ಏನು ಬರೆದರೂ ಹಿರಿಯವಳು ಓದಬೇಕು, ಓದಿದ ಮೇಲೆ ಪರದೆಯ ಮೂಲೆಯಲ್ಲಿದ್ದ ‘ಓದಿ ಒಪ್ಪಿದ್ದೇನೆ’ ಎಂಬ ಬಟನ್ ಒತ್ತಬೇಕು. ಆ ಬಟನ್ನು ಹಿರಿಯವಳ ಪ್ರಾಣವಾಗಿತ್ತು. ಕೋಡಿನಲ್ಲಿ ಒಂದು ಚುಕ್ಕೆ ಆಚೀಚೆಯಾದರೂ ತನ್ನ ಕಣ್ಣಿಗೆ ಬೀಳುತ್ತದೆ ಎಂದು ಅವಳು ಬಂದವರಿಗೆಲ್ಲ ಹೇಳಿಕೊಳ್ಳುತ್ತಿದ್ದಳು. ಅದು ನಿಜವೂ ಆಗಿತ್ತು.

ಕಿರಿಯವಳು ಚುರುಕು. ಹಿರಿಯವಳು ವಾರವಿಡೀ ತಿಣುಕುವುದನ್ನು ಒಂದು ದಿನದಲ್ಲಿ ಮುಗಿಸಿ, ಮುಗಿಸಿದೆ ಎಂದು ನಾಲ್ಕು ಜನರಿಗೆ ಕೇಳುವಂತೆ ಕುರ್ಚಿ ಹಿಂದಕ್ಕೆ ತಳ್ಳುತ್ತಿದ್ದಳು. ಓರಗಿತ್ತಿಯ ಹಳೆಯ ಕೋಡ್ ಕಂಡಲ್ಲೆಲ್ಲ ಪಕ್ಕದಲ್ಲಿ ಟಿಪ್ಪಣಿ ಬರೆಯುತ್ತಿದ್ದಳು: ‘ಇದನ್ನು ಮ್ಯೂಸಿಯಮ್ಮಿಗೆ ಕೊಡಬಹುದು.’ ಹಿರಿಯವಳೇನು ಕಡಿಮೆಯಲ್ಲ. ಮೊಸರಲ್ಲಿ ಕಲ್ಲು ಹುಡುಕುವವಳಂತೆ ಕೂತು, ‘ಇಲ್ಲಿ ಖಾಲಿ ಸಾಲು ಯಾಕೆ’, ‘ಈ ಹೆಸರು ಸರಿಯಿಲ್ಲ’ ಎಂದು ಕಿರಿಯವಳ ಕೆಲಸವನ್ನು ಮತ್ತೆ ಮತ್ತೆ ಹಿಂದಕ್ಕೆ ಅಟ್ಟುತ್ತಿದ್ದಳು. ಇನ್ನೊಬ್ಬರ ತಪ್ಪು ತಿದ್ದುವುದಕ್ಕೆಂದು ಮಾಡಿದ ಪದ್ಧತಿ ಕತ್ತಿ ಮಸೆಯುವ ಕಲ್ಲಾಗಿತ್ತು.

ಇಬ್ಬರ ನಡುವೆ ಇದ್ದ ಒಂದೇ ಒಂದು ಮೆತ್ತನೆಯ ಜೀವವೆಂದರೆ ಕಿರಿಯವಳ ಮಗಳು, ಪುಟ್ಟಿ. ಮಧ್ಯಾಹ್ನ ಶಾಲೆಯ ಬಸ್ಸು ಗೇಟಿನ ಮುಂದೆ ನಿಂತಾಗ ಅವಳನ್ನು ಇಳಿಸಿಕೊಳ್ಳುತ್ತಿದ್ದವಳು ಹಿರಿಯವಳು. ಅವಳ ಸ್ವಂತ ಮಕ್ಕಳು ಮೈಮೇಲೆ ಬೀಳುವ ವಯಸ್ಸು ದಾಟಿದ್ದರು. ಪುಟ್ಟಿ ಮಾತ್ರ “ದೊಡ್ಡಮ್ಮಾ” ಎಂದು ಮೆಟ್ಟಿಲಿನಿಂದಲೇ ಹಾರುತ್ತಿದ್ದಳು. ಅದೊಂದು ಹೊತ್ತಿನಲ್ಲಿ ಹಿರಿಯವಳ ಗಂಟುಮುಖ ಸಡಿಲಾಗುತ್ತಿತ್ತು. ಕಿರಿಯವಳು ಅದನ್ನು ಕಂಡೂ ಕಾಣದಂತೆ ಇದ್ದುಬಿಟ್ಟಿದ್ದಳು, ಮಗುವನ್ನು ಜಗಳಕ್ಕೆ ಎಳೆದಿರಲಿಲ್ಲ. ಅವಳ ಬಗ್ಗೆ ಹೇಳಬಹುದಾದ ಒಳ್ಳೆಯ ಮಾತು ಅದು.

ಹೀಗಿರುವಾಗ ಒಂದು ದಿನ ಊಟಕ್ಕೆ ಕೂತಲ್ಲಿ ಕಿರಿಯವಳು ಬಾಂಬು ಹಾಕಿದಳು.

“ಅತ್ತೆ, ಒಂದು ಮಾತು. ಅಕ್ಕ ಈಗ ಓದೋದೇ ಇಲ್ಲ. ಖಾಲಿ ಸಾಲು ಎಣಿಸಿ ವಾಪಸ್ ಕಳಿಸ್ತಾರೆ, ಸುಸ್ತಾದಾಗ ಕಣ್ಮುಚ್ಚಿ ಬಟನ್ ಒತ್ತುತ್ತಾರೆ. ಕೊನೆ ಒಪ್ಪಿಗೆ ನನ್ನ ಕೈಗೆ ಕೊಡಿ.”

ಹಿರಿಯವಳ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು. ಅತ್ತೆ ಇಬ್ಬರನ್ನೂ ನೋಡಿದರು.

“ಮುಂದಿನ ವಾರ ದೊಡ್ಡ ಶಾಲೆಯವರು ಆ್ಯಪ್ ನೋಡೋಕೆ ಬರ್ತಾರಲ್ಲ, ಅದು ಮುಗೀಲಿ. ಅವತ್ತು ಯಾರ ಕೆಲಸ ನೆಟ್ಟಗಿರುತ್ತೋ ಅವರಿಗೆ ಕೊಡ್ತೀನಿ. ಈಗ ಊಟ ಮಾಡಿ.”

ಹಿರಿಯವಳು ಊಟ ಬಿಟ್ಟು ಎದ್ದಳು. ನೇರ ಮಹಡಿ ಹತ್ತಿ ಒಂದು ಕೆಲಸ ಮಾಡಿದಳು. ಅದುವರೆಗೆ ಅವಳು ಒಪ್ಪಿಗೆ ಕೊಟ್ಟಮೇಲೆ, ಬದಲಾವಣೆಯನ್ನು ಬಸ್ಸುಗಳಿಗೆ ಕಳಿಸುವ ಇನ್ನೊಂದು ಬಟನ್ ಕಿರಿಯವಳ ಪರದೆಯಲ್ಲಿ ಇರುತ್ತಿತ್ತು. ಅದನ್ನು ಕಿತ್ತು ಹಾಕಿದಳು. ಇನ್ನು ಮೇಲೆ ತಾನು ಒಪ್ಪಿದ ಕ್ಷಣವೇ ಎಲ್ಲ ಬಸ್ಸಿಗೂ ಹೋಗುವಂತೆ ಮಾಡಿದಳು. ನಾನು ಹೂಂ ಅಂದಮೇಲೆ ಇವಳದೇನು ಮತ್ತೊಂದು ಹೂಂ, ಎಂಬ ಹಟ. ಓರಗಿತ್ತಿಗೆ ಹೇಳಲಿಲ್ಲ. ಮಾತು ಬಿಟ್ಟವರು ಹೇಳುವುದಾದರೂ ಹೇಗೆ?

ಶಾಲೆಯವರು ಬರುವ ದಿನ ಬಂತು. ಮೂರು ಗಂಟೆಗೆ ಬರುತ್ತೇವೆ ಎಂದಿದ್ದರು. ಕಿರಿಯವಳು ಅವರಿಗೆ ತೋರಿಸಲು ಒಂದು ಆಟ ಹೂಡಿದ್ದಳು. ಹೊಸ ಬಸ್ಸಿನ ಕೊನೆಯ ಸೀಟಿನಲ್ಲಿ ಪುಟ್ಟಿಯ ಗೊಂಬೆಯನ್ನು ಕೂರಿಸಿ, ಅದರ ಹೆಸರಲ್ಲಿ ಕಾರ್ಡ್ ತಾಗಿಸಿ, ಟ್ರಿಪ್ ಮುಗಿಸಲು ಹೋಗುವುದು. ಪರದೆ ಕೆಂಪಾಗಿ ಕಿರುಚುತ್ತದೆ, ಬಂದವರು ತಲೆದೂಗುತ್ತಾರೆ. ಬೆಳಿಗ್ಗೆ ಅವಳು, ಊಟದ ದಿನದ ಆ ಮಾತಾದಮೇಲೆ ಮೊದಲ ಸಲ, ಡ್ರೈವರ್ ಪರದೆಗೆ ಒಂದಿಷ್ಟು ಬದಲಾವಣೆ ಬರೆದು, ಓದಲಿಕ್ಕೆಂದು ಹಿರಿಯವಳಿಗೆ ಕಳಿಸಿ, ಹೊಸ ಬಸ್ಸಿಗೆ ಪರದೆ ಕೂರಿಸಲು ಕೆಳಗಿಳಿದು ಹೋದಳು.

ಹಿರಿಯವಳು ಓದಿದಳು. ಓರಗಿತ್ತಿ ಬಣ್ಣ ಬದಲಾಯಿಸಿದ್ದಳು, ಅಕ್ಷರ ದೊಡ್ಡದು ಮಾಡಿದ್ದಳು, ಸರಿ. ನಡುವೆ ಒಂದು ಸಾಲಿನಲ್ಲಿ ಅವಳ ಕಣ್ಣು ಗಕ್ಕನೆ ನಿಂತಿತು. ಒಳಗೆ ಉಳಿದವರು ಒಬ್ಬರು ಅಥವಾ ಹೆಚ್ಚು ಇದ್ದರೆ ಕಿರುಚು ಎಂದು ಇದ್ದದ್ದು, ಒಬ್ಬರಿಗಿಂತ ಹೆಚ್ಚು ಇದ್ದರೆ ಕಿರುಚು ಎಂದಾಗಿತ್ತು. ಇಬ್ಬರು ಉಳಿದರೆ ಕೆಂಪು. ಒಬ್ಬರೇ ಉಳಿದರೆ ಹಸಿರು. ಕೋಡಿನಲ್ಲಿ ತಪ್ಪಿದೆಯೇ ಎಂದು ತಾವಾಗಿ ನಡೆದು ನೋಡುವ ಟೆಸ್ಟುಗಳು ಯಾಕೆ ಹಿಡಿಯಲಿಲ್ಲ ಎಂದು ನೋಡಿದಳು. ಯಾರೂ ಉಳಿಯದಿದ್ದರೆ ಏನು, ಇಬ್ಬರು ಮೂವರು ಉಳಿದರೆ ಏನು ಎಂದು ಟೆಸ್ಟ್ ಇತ್ತು. ಕೆಂಪು ಹಸಿರು ಬೇರಾಗುವ ಅಂಚು, ಒಬ್ಬರೇ ಉಳಿದರೆ ಎಂಬುದು, ಅದಕ್ಕೇ ಇರಲಿಲ್ಲ. ಆ ಟೆಸ್ಟುಗಳನ್ನು ಬರೆದವಳು ಅವಳೇ. ಅಂಚಿನ ಲೆಕ್ಕ ನೋಡು ಎಂಬ ಹಾಳೆ ತಲೆಯ ಮೇಲೆಯೇ ನೇತಾಡುತ್ತಿತ್ತು.

ಮೊದಲು ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಸಿಕ್ಕಿಬಿದ್ದಳು. ಹಿಂದಕ್ಕೆ ಕಳಿಸಿ ಖಾರವಾಗಿ ನಾಲ್ಕು ಸಾಲು ಬರೆಯೋಣವೆಂದು ಬೆರಳು ಎತ್ತಿದಳು. ಎತ್ತಿದ ಬೆರಳು ಹಾಗೆಯೇ ನಿಂತಿತು. ಬರೆದರೆ ಏನಾಗುತ್ತದೆ? ಅವಳು ಒಂದು ನಿಮಿಷದಲ್ಲಿ ತಿದ್ದುತ್ತಾಳೆ. ಮೂರು ಗಂಟೆಗೆ ಗೊಂಬೆ ಕೂರಿಸುತ್ತಾಳೆ, ಪರದೆ ಕಿರುಚುತ್ತದೆ, ಕೊನೆಯ ಒಪ್ಪಿಗೆ ಅವಳ ಕೈಗೆ ಹೋಗುತ್ತದೆ. ಬರೆಯದೆ ಹೋದರೆ? ಬಂದವರ ಮುಂದೆ, ಅತ್ತೆಯ ಮುಂದೆ, ಗೊಂಬೆ ಒಳಗೆ ಕೂತೇ ಇರುತ್ತದೆ, ಪರದೆ ಹಲ್ಲುಕಿರಿದು ಹಸಿರಾಗುತ್ತದೆ. ಅವಳ ಮುಖ ಹೇಗಾಗುತ್ತದೆ ಎಂದು ನೆನೆದೇ ಹಿರಿಯವಳಿಗೆ ನಗು ಬಂತು.

ಮಧ್ಯಾಹ್ನದ ಬಸ್ಸುಗಳ ನೆನಪು ಬರಲಿಲ್ಲವೆಂದಲ್ಲ. ಬಂತು. ಬಂದದ್ದನ್ನು ಅವಳು ತಳ್ಳಿದಳು. ಡ್ರೈವರಿಗೆ ಕಣ್ಣಿಲ್ಲವೇ, ಬೀಗ ಹಾಕುವ ಮೊದಲು ಕೊನೆಯ ಸೀಟಿನವರೆಗೆ ಹೋಗಿ ನೋಡುವುದು ಈ ಮನೆಯ ಹಳೇ ಪದ್ಧತಿ ತಾನೇ, ಮೂರು ಗಂಟೆ ಕಳೆಯುತ್ತಲೇ ಹಳೆಯದನ್ನು ವಾಪಸ್ ಹಾಕಿದರಾಯಿತು, ಅಂದುಕೊಂಡಳು. ಆ ಪದ್ಧತಿಯನ್ನು ನಿಲ್ಲಿಸಿದವಳೂ ಅವಳೇ. ಆ್ಯಪ್ ಬಂದ ಹೊಸದರಲ್ಲಿ ಡ್ರೈವರುಗಳನ್ನು ಸಾಲಾಗಿ ನಿಲ್ಲಿಸಿಕೊಂಡು, ಹಸಿರಾದರೆ ಸೀದಾ ಹೋಗಿ, ನಡೆದು ನೋಡುವ ಕಾಲ ಮುಗಿಯಿತು ಎಂದು ಭಾಷಣ ಬಿಗಿದಿದ್ದಳು. ಬೇಡದ ನೆನಪನ್ನು ಮನಸ್ಸು ಎಷ್ಟು ಚೆನ್ನಾಗಿ ಬಚ್ಚಿಡುತ್ತದೆ ನೋಡಿ. ಆ ಸಾಲನ್ನು ಇನ್ನೊಮ್ಮೆ ಓದಿದಳು. ‘ಓದಿ ಒಪ್ಪಿದ್ದೇನೆ’ ಒತ್ತಿದಳು.

ಮಧ್ಯಾಹ್ನ ಪುಟ್ಟಿಯನ್ನು ಗೇಟಿನಲ್ಲಿ ಇಳಿಸಿಕೊಂಡು, ಕೈಕಾಲು ತೊಳೆಸಿ, ಊಟಕ್ಕೆ ಕೂರಿಸಿದಳು. ಹೊರಗೆ ಬಿಸಿಲು ಕಣ್ಣು ಬಿಡಲಾಗದಂತೆ ಹೊಡೆಯುತ್ತಿತ್ತು. ಬಸ್ಸುಗಳು ಒಂದೊಂದಾಗಿ ಅಂಗಳಕ್ಕೆ ಬಂದು ನಿಂತು, ಡ್ರೈವರುಗಳು ಊಟಕ್ಕೆ ಹೋಗಿಯಾಗಿತ್ತು. ಪುಟ್ಟಿ ತಟ್ಟೆಯಲ್ಲಿ ಆಟವಾಡುತ್ತ ಅರ್ಧ ಮುಗಿಸಿದ್ದಳು, ಅಷ್ಟರಲ್ಲಿ ಫೋನು ಬಂತು. ಯಾವುದೋ ಮಗುವಿನ ತಾಯಿ.

“ಮೇಡಂ, ನನ್ನ ಮಗ ಇನ್ನೂ ಮನೆಗೆ ಬಂದಿಲ್ಲ. ಸ್ಟಾಪಿನಲ್ಲಿ ಅವನ ಬಸ್ಸು ಬಂದು ಹೋಯ್ತಂತೆ. ನಿಮ್ಮ ಆ್ಯಪ್ ನೋಡಿದ್ರೆ ಇನ್ನೂ ಬಸ್ಸಲ್ಲೇ ಇದಾನೆ ಅಂತ ತೋರಿಸ್ತಿದೆ. ಬಸ್ಸು ಎಲ್ಲಿದೆ ಮೇಡಂ?”

ಬೇರೆ ಯಾರಾದರೂ ಆಗಿದ್ದರೆ, ಕಾರ್ಡ್ ತಾಗಿಸುವುದು ಮರೆತಿರಬೇಕು, ಗೆಳೆಯನ ಮನೆಗೆ ಹೋಗಿರಬೇಕು ಎನ್ನುತ್ತಿದ್ದರು. ಹಾಗೆ ದಿನಕ್ಕೊಂದು ಫೋನು ಬರುತ್ತಿತ್ತು. ಅವಳು ಹಾಗೆನ್ನಲಿಲ್ಲ. ಆ ತಾಯಿಯ ಮಾತು ಮುಗಿಯುವ ಮೊದಲೇ ಬಸ್ಸಿನ ನಂಬರು ಕೇಳಿ, ಚಪ್ಪಲಿ ಮೆಟ್ಟದೆ ಹಿತ್ತಲ ಬಾಗಿಲಿನಿಂದ ಅಂಗಳಕ್ಕೆ ಓಡಿದಳು. ಸಿಮೆಂಟು ಕಾದ ಕಾವಲಿಯಂತೆ ಸುಡುತ್ತಿತ್ತು. ಗೋಡೆಯ ಪಕ್ಕ ನಿಂತಿದ್ದ ಬಸ್ಸಿಗೆ ಬೀಗ ಬಿದ್ದಿತ್ತು, ಕಿಟಕಿಗಳೆಲ್ಲ ಮುಚ್ಚಿದ್ದವು.

“ಒಡೀರಿ, ಗಾಜು ಒಡೀರಿ,” ಎಂದು ಕೂಗಿದಳು.

ದೂರದ ಇನ್ನೊಂದು ಬಸ್ಸಿನಡಿ ಮಲಗಿ ಏನೋ ಬಿಗಿಯುತ್ತಿದ್ದ ಮೆಕ್ಯಾನಿಕ್ ಎದ್ದುಬಂದು ಸ್ಪ್ಯಾನರಿನಿಂದ ಬಾಗಿಲ ಗಾಜಿಗೆ ಹೊಡೆದ. ಒಳಗೆ ಬೆಂಕಿಯ ಹಬೆ. ಕೊನೆಯ ಸೀಟಿನ ಕೆಳಗೆ ಒಬ್ಬ ಪುಟ್ಟ ಹುಡುಗ ಬ್ಯಾಗು ತಬ್ಬಿಕೊಂಡು ಬಿದ್ದಿದ್ದ. ನಿದ್ದೆ ಮಾಡಿದವನು ಎಚ್ಚರವಾಗಿ, ಬಡಿದು, ಕೂಗಿ, ಸುಸ್ತಾಗಿ ಬಿದ್ದಿದ್ದನೆಂದು ಆಮೇಲೆ ಗೊತ್ತಾಯಿತು. ತಲೆಗೂದಲು ನೀರಿನಲ್ಲಿ ಅದ್ದಿದಂತಿತ್ತು. ಅಳುತ್ತಿರಲಿಲ್ಲ, ಅದೇ ಹೆದರಿಕೆಯಾಗಿದ್ದು. ಅವಳು ಅವನನ್ನು ಎತ್ತಿಕೊಂಡು ಕೆಳಗಿಳಿಯುವಾಗ ಹೊಸ ಬಸ್ಸಿನ ಬಾಗಿಲಲ್ಲಿ ಕಿರಿಯವಳು ಗೊಂಬೆ ಹಿಡಿದು ನಿಂತಿದ್ದಳು. ಅವಳ ಮುಖದಲ್ಲಿ ರಕ್ತವಿರಲಿಲ್ಲ.

ಹುಡುಗ ಬದುಕಿಕೊಂಡ. ಪಕ್ಕದ ಬೀದಿಯ ಡಾಕ್ಟರು ಡ್ರಿಪ್ ಹಾಕಿ, ಮೈ ತಣ್ಣಗೆ ಮಾಡಿ, ಇನ್ನು ಸ್ವಲ್ಪ ತಡವಾಗಿದ್ದರೆ ಕೈಮೀರುತ್ತಿತ್ತು ಎಂದರು. ಅವನ ತಾಯಿ ಬಂದು ಮಗನನ್ನು ತಬ್ಬಿ, ಆಮೇಲೆ ಹಿರಿಯವಳ ಎರಡೂ ಕೈ ಹಿಡಿದುಕೊಂಡು, “ನೀವು ಓಡಿಹೋಗದಿದ್ರೆ ನನ್ನ ಮಗ ಇರ್ತಿರಲಿಲ್ಲ,” ಎಂದು ಅತ್ತಳು. ನಾಚಿಕೆಗೆಟ್ಟ ಮಾತು, ಆದರೂ ಹೇಳಲೇಬೇಕು. ಆ ಹೊತ್ತಿಗೆ ಹಿರಿಯವಳಿಗೆ ತಾನು ನಿಜವಾಗಿಯೂ ಕಾಪಾಡಿದವಳು ಎನಿಸಿತು. ಮನೆಗೆ ಬರುವ ದಾರಿಯುದ್ದಕ್ಕೂ ಗಂಡ, “ನೀನಿದ್ದದ್ದಕ್ಕೆ ಮಾನ ಉಳೀತು,” ಎನ್ನುತ್ತಲೇ ಇದ್ದ. ಅವಳು ಬೇಡವೆನ್ನಲಿಲ್ಲ.

ಶಾಲೆಯವರಿಗೆ ಬರಬೇಡಿ ಎಂದು ಫೋನು ಹೋಯಿತು. ಅತ್ತೆ ಎಲ್ಲರನ್ನೂ ಹಜಾರಕ್ಕೆ ಕರೆದರು. ಆ ಬಸ್ಸಿನ ಡ್ರೈವರು ಗೋಡೆಗಂಟಿ ನಿಂತಿದ್ದ. ಹಿರಿಯವಳು ಸೋಫಾದಲ್ಲಿ ಕೂತಳು. ಏನೂ ಅರ್ಥವಾಗದ ಪುಟ್ಟಿ ಬಂದು ಅವಳ ಮಂಡಿಗೆ ಒರಗಿಕೊಂಡಳು.

“ಹಸಿರಾಗಿತ್ತು ಅಮ್ಮ,” ಎಂದ ಡ್ರೈವರು. “ನನ್ನ ಮಕ್ಕಳಾಣೆ, ಹಸಿರಾಗಿತ್ತು. ಹಸಿರಾದ್ರೆ ಹೋಗಿ ಅಂತ ದೊಡ್ಡ ಮೇಡಂ ಹೇಳಿದ್ರು. ಅದಕ್ಕೇ ಹಿಂದೆ ಹೋಗಿ ನೋಡ್ಲಿಲ್ಲ.”

“ಮಗು ಒಳಗಿದ್ರೂ ಯಾಕೆ ಹಸಿರಾಯ್ತು?” ಅತ್ತೆ ಸೊಸೆಯಂದಿರ ಕಡೆ ತಿರುಗಿದರು.

ಕಿರಿಯವಳು ಎದ್ದು ನಿಂತಳು. ಅತ್ತು ಅತ್ತು ಅವಳ ದನಿ ಒಡೆದಿತ್ತು, ಆದರೂ ಅದರಲ್ಲಿ ಹಟವಿತ್ತು.

“ನಾನೇ ಅತ್ತೆ. ಬೇಕಂತಲೇ ಒಂದು ತಪ್ಪು ಬರೆದೆ. ಅಕ್ಕ ಓದೋದಿಲ್ಲ ಅಂದ್ರೆ ನೀವು ನಂಬಲಿಲ್ಲವಲ್ಲ, ಸಾಕ್ಷಿ ಬೇಕಿತ್ತು. ಅವರು ಕಣ್ಮುಚ್ಚಿ ಒಪ್ಪಲಿ, ಆಮೇಲೆ ನಿಮಗೆ ತೋರಿಸಿ ಅಳಿಸಿಬಿಡೋಣ ಅಂತಿದ್ದೆ. ಬಸ್ಸಿಗೆ ಕಳಿಸೋ ಬಟನ್ ನನ್ನ ಹತ್ರ ಇತ್ತು, ನಾನು ಒತ್ತದೆ ಅದು ಎಲ್ಲಿಗೂ ಹೋಗ್ತಿರಲಿಲ್ಲ. ಈಗ ನೋಡಿದ್ರೆ ಆ ಬಟನ್ನೇ ಇಲ್ಲ. ನನಗೆ ಹೇಳದೆ ತೆಗೆದುಹಾಕಿದಾರೆ.” ಅವಳು ಮೂಗು ಒರೆಸಿಕೊಂಡಳು. “ನಂದು ತಪ್ಪು, ದೊಡ್ಡ ತಪ್ಪು, ಏನು ಬೇಕಾದ್ರೂ ಶಿಕ್ಷೆ ಕೊಡಿ. ಆದ್ರೆ ಅವರು ಒಂದು ಸಲ ಓದಿದ್ರೆ ಸಾಕಿತ್ತು. ಓದಿಲ್ಲ. ಅವರು ಯಾವತ್ತೂ ಓದಲ್ಲ.”

ಎಲ್ಲರೂ ಹಿರಿಯವಳನ್ನು ನೋಡಿದರು. ಗಂಡ ಮೆಲ್ಲಗೆ, “ಇವತ್ತು ಗಡಿಬಿಡಿ ಜಾಸ್ತಿ ಇತ್ತಮ್ಮ, ನೋಡದೆ ಒತ್ತಿರ್ತಾಳೆ. ಮನುಷ್ಯರ ಕಣ್ಣು, ತಪ್ಪಿಹೋಗುತ್ತೆ,” ಎಂದ.

ತಪ್ಪಿಸಿಕೊಳ್ಳುವ ದಾರಿ ಬಾಗಿಲು ತೆರೆದು ಕಾಯುತ್ತಿತ್ತು. ಹೌದು, ನೋಡಲಿಲ್ಲ, ಅಂದಿದ್ದರೆ ಮುಗಿಯುತ್ತಿತ್ತು. ನೋಡದವಳು ಎಂದು ಬೈಸಿಕೊಳ್ಳುತ್ತಿದ್ದಳು, ಒಪ್ಪಿಗೆಯ ಬಟನ್ ಕೈತಪ್ಪುತ್ತಿತ್ತು, ಅಷ್ಟೇ. ಆಮೇಲೆ ಓಡಿಹೋಗಿ ಮಗುವನ್ನು ಎತ್ತಿಕೊಂಡು ಬಂದವಳೂ ಇವಳೇ ಎಂದು ಎರಡು ದಿನದಲ್ಲಿ ಎಲ್ಲರೂ ಕ್ಷಮಿಸುತ್ತಿದ್ದರು. ಅವಳು ಕಿರಿಯವಳ ಮುಖ ನೋಡಿದಳು. ಕಣ್ಣೀರಿನ ನಡುವೆಯೂ ಅಲ್ಲಿ ಗೆದ್ದೆನೆಂಬ ಒಂದು ಗೆರೆ ಇತ್ತು. ಯಾವತ್ತೂ ಓದಲ್ಲ. ಆ ಮಾತು ಅವಳ ಮೈಯನ್ನು ಉರಿಸಿತು. ಅವಳನ್ನು ಆ ಹೊತ್ತಿನಲ್ಲಿ ಮಾತಾಡಿಸಿದ್ದು ಪಶ್ಚಾತ್ತಾಪ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಬರಿಯ ಜಂಬ.

“ಓದಿದ್ದೆ,” ಎಂದಳು. “ನನ್ನ ಕಣ್ಣು ತಪ್ಪಿ ಏನೂ ಹೋಗಲ್ಲ. ಒಬ್ಬರು ಅಥವಾ ಹೆಚ್ಚು ಅಂತ ಇದ್ದದ್ದನ್ನ ಒಬ್ಬರಿಗಿಂತ ಹೆಚ್ಚು ಅಂತ ಮಾಡಿದ್ದಳು. ನೋಡಿದ ತಕ್ಷಣ ಹಿಡಿದೆ. ಎರಡು ಸಲ ಓದಿದೆ.”

ಗಂಡನ ಬಾಯಿ ಅರ್ಧ ತೆರೆದೇ ಇತ್ತು. ಕಿರಿಯವಳ ಮುಖದಿಂದ ಆ ಗೆರೆ ಅಳಿಸಿಹೋಗಿ, ಅದರ ಜಾಗದಲ್ಲಿ ಏನೋ ಬೇರೆ ಬರತೊಡಗಿತು. ಅದು ಹೆದರಿಕೆ ಎಂದು ಹಿರಿಯವಳಿಗೆ ಗೊತ್ತಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗೊತ್ತಾದಾಗ ತಾನು ಏನು ಹೇಳಿದೆನೆಂಬುದೂ ತಿಳಿಯಿತು.

“ಓದಿದ್ದೆ,” ಎಂದರು ಅತ್ತೆ ನಿಧಾನವಾಗಿ. “ತಪ್ಪಿದೆ ಅಂತ ಗೊತ್ತಿತ್ತು. ಓದಿನೇ ಒಪ್ಪಿದೆಯಾ?”

“ಮೂರು ಗಂಟೆಗೆ ಇವಳ ಗೊಂಬೆ ಆಟ ಕೆಡಲಿ ಅಂತ ಅಷ್ಟೇ ಅತ್ತೆ. ಮಕ್ಕಳಿಗೆ ಏನೋ ಆಗಲಿ ಅಂತ ಅಲ್ಲ. ಡ್ರೈವರು ಹಿಂದೆ ಹೋಗಿ ನೋಡ್ತಾನೆ ಅಂದ್ಕೊಂಡೆ.” ಆಡುತ್ತ ಆಡುತ್ತ ಅವಳ ದನಿ ಕುಗ್ಗಿತು. ಡ್ರೈವರು ಮೊದಲ ಬಾರಿಗೆ ತಲೆಯೆತ್ತಿ ಅವಳನ್ನು ನೋಡಿದ.

ಕಿರಿಯವಳು ಹಜಾರ ದಾಟಿ ಬಂದಳು. ಹೊಡೆಯುತ್ತಾಳೇನೋ ಎಂದು ಹಿರಿಯವಳು ಹಿಂದೆ ಸರಿದಳು. ಅವಳು ಹೊಡೆಯಲಿಲ್ಲ, ಬೈಯಲೂ ಇಲ್ಲ. ಬಗ್ಗಿ, ದೊಡ್ಡಮ್ಮನ ಮಂಡಿಗೆ ಒರಗಿದ್ದ ಮಗಳನ್ನು ಎತ್ತಿಕೊಂಡು ಹೋಗಿ ದೂರದ ಕುರ್ಚಿಯಲ್ಲಿ ಕೂತಳು.

ಅತ್ತೆ, “ಬೇಕಂತ ಬರೆದವಳು ಒಬ್ಬಳು, ಬೇಕಂತ ಬಿಟ್ಟವಳು ಒಬ್ಬಳು,” ಎಂದರು. “ಒಪ್ಪಿಗೆ ಇಬ್ಬರಿಗೂ ಇಲ್ಲ. ಹೊರಗಿನಿಂದ ಯಾರನ್ನಾದ್ರೂ ತರ್ತೀನಿ. ಆ ತಾಯಿಗೆ ನಡೆದದ್ದೆಲ್ಲ ನಾನೇ ಹೋಗಿ ಹೇಳ್ತೀನಿ, ಆಕೆ ಏನು ಮಾಡಿದ್ರೂ ಅನುಭವಿಸೋಣ. ನಾಳೆಯಿಂದ ಬಸ್ಸುಗಳಲ್ಲಿ ಪರದೆ ಯಾವ ಬಣ್ಣ ಬೇಕಾದ್ರೂ ಇರಲಿ, ಕೊನೇ ಸೀಟಿನವರೆಗೆ ನಡೆದೇ ಬೀಗ ಹಾಕ್ಬೇಕು.”

ಆ ಸಂಜೆ ಹಿರಿಯವಳು ಒಬ್ಬಳೇ ಮಹಡಿಗೆ ಹೋಗಿ ಹಳೆಯ ಕೋಡನ್ನು ವಾಪಸ್ ಹಾಕಿದಳು. ಒಬ್ಬರೇ ಉಳಿದರೆ ಎಂಬ ಟೆಸ್ಟನ್ನೂ ಬರೆದಳು. ಬರೆಯಲು ಎರಡೇ ನಿಮಿಷ ಸಾಕಾಯಿತು. ಓದಿ ಒಪ್ಪುವವರು ಯಾರೂ ಇರಲಿಲ್ಲ, ಆ ಹೊಸ ಟೆಸ್ಟು ಹಾಗೆಯೇ ಕಾಯುತ್ತ ಕೂತಿತು.

ಮರುದಿನ ಮಧ್ಯಾಹ್ನ ಅವಳ ಕಾಲುಗಳು ತಾವಾಗಿ ಗೇಟಿಗೆ ಹೋದವು. ಕಿರಿಯವಳು ಮೊದಲೇ ಬಂದು ನಿಂತಿದ್ದಳು. ಇಬ್ಬರ ನಡುವೆ ಒಂದು ಮಾರು ಜಾಗ. ಬಸ್ಸು ಬಂತು, ಬಾಗಿಲು ತೆರೆಯಿತು, ಪುಟ್ಟಿ ಕಾರ್ಡ್ ತಾಗಿಸಿ, “ದೊಡ್ಡಮ್ಮಾ” ಎಂದು ಎರಡೂ ಕೈ ಚಾಚಿದಳು. ಹಿರಿಯವಳೂ ಕೈ ಚಾಚಿದಳು. ಕಿರಿಯವಳು ನಡುವೆ ಬಂದು ಮಗಳನ್ನು ಇಳಿಸಿಕೊಂಡು, ಹಿರಿಯವಳು ನಿಂತ ಕಡೆಯಿಂದ ಆಚೆಯ ಪಕ್ಕಕ್ಕೆ ಸರಿಸಿ ಗಟ್ಟಿಯಾಗಿ ಕೈ ಹಿಡಿದಳು.

“ದೊಡ್ಡಮ್ಮ ಬರಲ್ವಾ ಅಮ್ಮ?”

“ಇಲ್ಲ. ಇನ್ಮೇಲೆ ನಾನೇ ಬರ್ತೀನಿ.”

ತಾಯಿ ಮಗಳಿಬ್ಬರೂ ಮನೆಯೊಳಗೆ ಹೋದರು. ಬಸ್ಸಿನಲ್ಲಿ ಇನ್ನು ಮಕ್ಕಳಿರಲಿಲ್ಲ, ಇದೇ ಕೊನೆಯ ಸ್ಟಾಪು. ಪರದೆ ಹಸಿರಾಗಿತ್ತು. ಡ್ರೈವರು ಅದರ ಕಡೆ ನೋಡದೆ ಎದ್ದು, ಒಂದೊಂದು ಸೀಟಿನ ಕೆಳಗೂ ಬಗ್ಗಿ ನೋಡುತ್ತ ಹಿಂದಿನವರೆಗೆ ಹೋದ. ಹಿರಿಯವಳು ಚಾಚಿದ ಕೈಯನ್ನು ಇಳಿಸಿ, ಅವನು ನೋಡಿ ಮುಗಿಸುವವರೆಗೂ ಅಲ್ಲೇ ನಿಂತಿದ್ದಳು.